ಸಹಾಯ ಬೇಕು: ಕೊನೇ 20 ನಿಮಿಷದಲ್ಲೇ ಮ್ಯಾಚ್ ಕೈಬಿಟ್ಟು ಹೋಗ್ತಿದೆ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಡಿಗ್ರಿ ಕಾಲೇಜಿನ ಫುಟ್‌ಬಾಲ್ ಟೀಮ್ ನೋಡ್ಕೊಳ್ತಿದ್ದೀನಿ. ಈ ಸೀಸನ್ ಪೂರ್ತಿ ಬರೀ ಸೋಲು. ಹುಡುಗರ ಮುಖ ನೋಡೋಕಾಗ್ತಿಲ್ಲ.

ಮೊದಲ 45 ನಿಮಿಷ ಯಾರಿಗೂ ಕಮ್ಮಿ ಇಲ್ದಂಗೆ ಆಡ್ತಾರೆ. 70ನೇ ನಿಮಿಷ ದಾಟ್ತಿದ್ದಂಗೆ ಮಿಡ್‌ಫೀಲ್ಡ್‌ನವರು ವಾಪಸ್ ಓಡಿ ಬರೋದು ನಿಂತುಹೋಗುತ್ತೆ. ಡಿಫೆಂಡರ್‌ಗಳು ಹೆದರಿ ಪೆನಾಲ್ಟಿ ಬಾಕ್ಸ್ ಒಳಗೆ ಸರೀತಾರೆ, ನಡುವೆ ಜಾಗ ಪೂರ್ತಿ ಖಾಲಿ. ಮೈಸೂರಿನಲ್ಲಿ ಆಡಿದ ಕಳೆದ ಮ್ಯಾಚ್‌ನಲ್ಲಿ ನಮ್ಮ ಲೆಫ್ಟ್ ಬ್ಯಾಕ್ ಮೀನಖಂಡ ಹಿಡ್ಕೊಂಡು ಗೋಲ್ ಹತ್ರಾನೇ ಕೂತುಬಿಟ್ಟ. ಅವನು ಅಷ್ಟು ಹಿಂದೆ ಇದ್ದಿದ್ರಿಂದ ಅವರ ಫಾರ್ವರ್ಡ್ ಆಫ್‌ಸೈಡೂ ಆಗ್ಲಿಲ್ಲ, ಗೋಲು ಹೋಯ್ತು.

ಬೆಳಗ್ಗೆ ರನ್ನಿಂಗ್ ಜಾಸ್ತಿ ಮಾಡಿಸಿ ನೋಡಿದ್ದಾಯ್ತು, ಫಲ ಕಾಣ್ಲಿಲ್ಲ. ಅರ್ಧ ಜನ ಪಾಂಡವಪುರ, ಮದ್ದೂರು ಕಡೆಯಿಂದ ಬಸ್ಸಲ್ಲಿ ಬರೋ ಮಕ್ಕಳು, ಎಷ್ಟೋ ದಿನ ಬರಿಹೊಟ್ಟೇಲೇ ಗ್ರೌಂಡಿಗೆ ಬರ್ತಾರೆ. ಬಾಳೆಹಣ್ಣು, ಓಆರ್‌ಎಸ್ ಕೊಡೋಕೆ ಶುರು ಮಾಡಿದ ಮೇಲೆ ಕಾಲು ಸೆಳೆತ ಸ್ವಲ್ಪ ಕಮ್ಮಿಯಾಗಿದೆ. ನನ್ನ ಪ್ರಕಾರ ಪ್ರಾಕ್ಟೀಸ್‌ಗಿಂತ ಮೊದಲು ಸರಿಯಾಗ್ಬೇಕಿರೋದು ಇವರ ತಿಂಡಿ. 4-4-2 (ಹಿಂದೆ 4 ಡಿಫೆಂಡರ್, ಮಿಡ್‌ಫೀಲ್ಡ್‌ನಲ್ಲಿ 4, ಮುಂದೆ 2 ಫಾರ್ವರ್ಡ್) ಬಿಟ್ಟು, ಮುಂದಿನ ಒಬ್ಬನನ್ನ ಮಿಡ್‌ಫೀಲ್ಡ್‌ಗೆ ತಂದು 4-5-1 ಆಡಿಸಿದೆ. ಗೋಲು ಬಿಡೋದು ಕಮ್ಮಿ ಆಯ್ತು, ಆದ್ರೆ ಮುಂದೆ ಒಬ್ಬನೇ ಇರೋದ್ರಿಂದ ನಾವು ಕ್ಲಿಯರ್ ಮಾಡಿದ ಚೆಂಡು ಹಂಗೇ ವಾಪಸ್ ಬರುತ್ತೆ.

ನಾನು ಸಿಕ್ಕಾಕ್ಕೊಂಡಿರೋದು ಇಲ್ಲೇ. ಬೆಂಚಲ್ಲಿ ನಂಬ್ಕೊಂಡು ಇಳಿಸಬಹುದಾದ ಹುಡುಗರು ಇಬ್ಬರು ಮೂವರಷ್ಟೇ. ಅವರನ್ನ 60ನೇ ನಿಮಿಷದಲ್ಲೇ ಮಿಡ್‌ಫೀಲ್ಡ್‌ಗೆ ಇಳಿಸಿ 4-4-2 ಮುಂದುವರಿಸ್ಲಾ, ಇಲ್ಲಾ ಕೊನೇ 20 ನಿಮಿಷಕ್ಕೆ ಉಳಿಸ್ಕೊಂಡು ಆಗ 4-5-1ಕ್ಕೆ ಬದಲಾಯಿಸ್ಲಾ? ಕಾಲೇಜು ಟೀಮ್‌ಗೆ ಕೋಚಿಂಗ್ ಮಾಡಿರೋ ಅಣ್ಣಂದಿರು, ಅಕ್ಕಂದಿರು ದಯವಿಟ್ಟು ಹೇಳಿ.