ಕಡಲ ವಿಜ್ಞಾನಕ್ಕೆ ಇಂಟರ್ನ್‌ಶಿಪ್: ಯಾವ ತಿಂಗಳು, ಯಾವ ಕೆಲಸ?

ಪ್ರಶ್ನೆ: ದಾವಣಗೆರೆಯಲ್ಲಿ ಬಿ.ಎಸ್ಸಿ. ಪ್ರಾಣಿಶಾಸ್ತ್ರ, ಎರಡನೇ ವರ್ಷ. ಜೂನ್–ಜುಲೈನಲ್ಲಿ ಮಂಗಳೂರು ಬಂದರಿನಲ್ಲಿ ಇಂಟರ್ನ್‌ಶಿಪ್ ಮಾಡಬಹುದೇ? ದುಡ್ಡು ಕಟ್ಟಿ ಸೇರುವ ಡೈವಿಂಗ್ ಇಂಟರ್ನ್‌ಶಿಪ್ ಹೇಗೆ?

ಉತ್ತರ (ಮೀನುಗಾರಿಕೆ ಸಂಶೋಧಕರು): ಬಂದರಿನ ಕೆಲಸಕ್ಕೆ ಜೂನ್–ಜುಲೈ ಬೇಡ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಕ್ಕೆಯಲ್ಲೇ ಕಟ್ಟಿರುತ್ತವೆ. ನಾಡದೋಣಿಯ ಅಷ್ಟಿಷ್ಟು ಮೀನು ಬಿಟ್ಟರೆ ಅಳೆಯಲು ಏನೂ ಸಿಗದು. ಆ ತಿಂಗಳುಗಳಿಗೆ ಲ್ಯಾಬ್ ಕೆಲಸ ಕೇಳಿ: ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ವಿಂಗಡಣೆ, ಮೀನಿನ ಹೊಟ್ಟೆಯಲ್ಲಿನ ಆಹಾರದ ಪರೀಕ್ಷೆ. ದಕ್ಕೆಯ ಕೆಲಸಕ್ಕೆ ಡಿಸೆಂಬರ್ ಅಥವಾ ಏಪ್ರಿಲ್–ಮೇ.

ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಗೆ (ಸಿಎಂಎಫ್‌ಆರ್‌ಐ) ಮಂಗಳೂರು, ಕಾರವಾರ ಎರಡೂ ಕಡೆ ಕೇಂದ್ರಗಳಿವೆ. ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ (ಎನ್‌ಐಒ). ಕಚೇರಿಯ ಸಾಮಾನ್ಯ ವಿಳಾಸಕ್ಕಲ್ಲ, ನಿಮ್ಮ ಆಸಕ್ತಿಯ ವಿಷಯದಲ್ಲಿರುವ ವಿಜ್ಞಾನಿಗೇ ಎರಡು ತಿಂಗಳು ಮೊದಲು ಬರೆಯಿರಿ. ಬರುವ ದಿನಾಂಕ, ಹೋಗುವ ದಿನಾಂಕ, ಗೊತ್ತಿರುವ ಕೆಲಸ, ಜೊತೆಗೆ ವಿಭಾಗ ಮುಖ್ಯಸ್ಥರ ಪತ್ರ. "ಕಡಲೆಂದರೆ ಪ್ರಾಣ" ಎಂಬ ಪ್ಯಾರಾ ಬೇಡ, ದಯವಿಟ್ಟು.

ಹೊಸಬರು ತಪ್ಪುವುದು ಸಣ್ಣ ಸಂಗತಿಗಳಲ್ಲಿ. ಬಂಗುಡೆಯನ್ನು ಬಾಲದ ತುದಿಯವರೆಗೆ ಅಳೆದಿರೋ ಕವಲಿನವರೆಗೋ ಬರೆದಿಡದಿದ್ದರೆ ಆ ಅಂಕಿ ಕಸ. ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಆರಿಸಿದರೆ ದೊಡ್ಡ ಮೀನುಗಳೇ ಬರುತ್ತವೆ, ಸರಾಸರಿ ಉದ್ದ ಸುಳ್ಳಾಗುತ್ತದೆ; ವಿಂಗಡಿಸುವ ಮೊದಲೇ ಒಂದು ಬುಟ್ಟಿ ಪೂರ್ತಿ ತೆಗೆದುಕೊಳ್ಳಿ. ಬಾಟಲಿಯ ಒಳಗೆ ಹಾಕುವ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಎಥನಾಲಿನಲ್ಲಿ ಕರಗಿದರೆ ಮಾದರಿ ಉಳಿಯುತ್ತದೆ, ಎಲ್ಲಿಯದು ಎಂಬುದು ಅಳಿಸಿಹೋಗಿರುತ್ತದೆ.

ಉತ್ತರ (ಕರಾವಳಿ ಪರಿಸರ ತಜ್ಞರು): ಡೈವಿಂಗ್‌ಗೆ ಈಗಲೇ ದುಡ್ಡು ಹಾಕಬೇಡಿ. ಡೈವಿಂಗ್‌ನ ಆರಂಭಿಕ ಹಂತದ ಓಪನ್ ವಾಟರ್ ಸರ್ಟಿಫಿಕೇಟ್ 18 ಮೀಟರಿನವರೆಗೆ ಇಳಿಯುವುದನ್ನು ಕಲಿಸುತ್ತದೆ, ಜೀವಿ ಗುರುತಿಸುವುದನ್ನಲ್ಲ. ಅದೇ ಸಮಯವನ್ನು 'ಆರ್' (ಅಂಕಿಅಂಶ ವಿಶ್ಲೇಷಣೆಯ ಸಾಫ್ಟ್‌ವೇರ್) ಮತ್ತು ಕ್ಯೂಜಿಐಎಸ್ (ನಕ್ಷೆ ತಯಾರಿಸುವ ಸಾಫ್ಟ್‌ವೇರ್) ಕಲಿಯಲು ಕೊಡಿ, ಎರಡೂ ಉಚಿತ.

ಸ್ವಯಂಸೇವೆಯೇ ಬೇಕಿದ್ದರೆ ಕಡಲಾಮೆ ಮೊಟ್ಟೆಯಿಡುವ ಕಾಲ ನೋಡಿ. ಚೆನ್ನೈನ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲ 1988ರಿಂದ ರಾತ್ರಿ ದಡದುದ್ದಕ್ಕೂ ನಡೆದು ಗೂಡು ಹುಡುಕುತ್ತಿದೆ. ಹೊನ್ನಾವರದ ಕಡೆ ಗೂಡು ಕಂಡರೆ ಮುಟ್ಟಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಆಲಿವ್ ರಿಡ್ಲೆ ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅನುಮತಿಯಿಲ್ಲದೆ ಮೊಟ್ಟೆ ಎತ್ತುವುದು ಅಪರಾಧ.

ಪ್ರಶ್ನೆ: ಕೊನೆಗೆ ಸರ್ಟಿಫಿಕೇಟ್ ಸಾಕೇ?

ಉತ್ತರ (ಮೀನುಗಾರಿಕೆ ಸಂಶೋಧಕರು): "ಯಶಸ್ವಿಯಾಗಿ ಪೂರೈಸಿದ್ದಾರೆ" ಎಂಬ ಒಂದು ಸಾಲು ಯಾರಿಗೂ ಏನೂ ಹೇಳದು. ಎಷ್ಟು ಮಾದರಿ ನೋಡಿದಿರಿ, ಯಾವ ವಿಧಾನ, ಯಾವ ಉಪಕರಣ ಎಂಬುದನ್ನು ಪತ್ರದಲ್ಲೇ ಬರೆಸಿಕೊಳ್ಳಿ. ಹೊರಡುವ ವಾರದ ಮೊದಲೇ ಕೇಳಿ. ಆಮೇಲೆ ಅವರು ಸರ್ವೇಗೆ ಹೋಗಿರುತ್ತಾರೆ.