ಹತ್ತು ವರ್ಷದ ಮಗನಿಗೆ ಪಾಕೆಟ್ ಬೈಕ್: ಕೊಡಿಸಲಾ, ಬೇಡವಾ?

ನವನಗರದ ಅಪ್ಪ:
ಮೊಣಕಾಲೆತ್ತರದ ಪಾಕೆಟ್ ಬೈಕುಗಳ ರೇಸ್ ವಿಡಿಯೋ ನೋಡಿ ನೋಡಿ ಮಗ ಹಟ ಹಿಡಿದಿದ್ದಾನೆ. ಆನ್‌ಲೈನಿನಲ್ಲಿ 49 ಸಿಸಿ ಗಾಡಿ ಸಿಗುತ್ತದೆ. ನಮ್ಮ ಓಣಿಯ ನಾಲ್ಕೈದು ಮಂದಿ ಸೇರಿ ಭಾನುವಾರ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಖಾಲಿ ರಸ್ತೆಯಲ್ಲಿ ಓಡಿಸೋಣ ಅಂತಿದ್ದಾರೆ. ಏನಂತೀರಿ?

ಸಪ್ತಾಪುರದ ಅಕ್ಕ:
ಬೇಡ. ಲಾರಿಗಳಿಗೆ ಭಾನುವಾರ ರಜೆ ಅಂತ ಯಾರು ಹೇಳಿದರು? ಅಷ್ಟು ಗಿಡ್ಡ ಗಾಡಿ ಡ್ರೈವರ್ ಕಣ್ಣಿಗೇ ಬೀಳುವುದಿಲ್ಲ.

ರಾಣೆಬೆನ್ನೂರು ರೇಸರ್:
ರಸ್ತೆ ಬೇಡ, ಒಪ್ಪಿದೆ. ಆದರೆ ಆಟವನ್ನೇ ಬೇಡ ಅನ್ನಬೇಡಿ ಅಕ್ಕಾ. ಬೈಕ್ ರೇಸಿನ ವಿಶ್ವ ಚಾಂಪಿಯನ್ ವ್ಯಾಲೆಂಟಿನೋ ರೋಸಿ ಚಿಕ್ಕವನಿದ್ದಾಗ ಮಿನಿಮೋಟೊ, ಅಂದರೆ ಇಂಥದೇ ಪುಟ್ಟ ರೇಸ್ ಬೈಕು, ಓಡಿಸಿದವನೇ. ಜಪಾನಿನ ಡೈಜಿರೊ ಕಾಟೊ ಪಾಕೆಟ್ ಬೈಕಿನಿಂದ ಶುರು ಮಾಡಿ 2001ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದ. 2021ರಿಂದ ಎಫ್‌ಐಎಂ (ಅಂತರರಾಷ್ಟ್ರೀಯ ಬೈಕ್ ರೇಸ್ ಸಂಸ್ಥೆ) ನಡೆಸುವ ಮಿನಿಜಿಪಿ ಅಂತ ಮಕ್ಕಳ ವಿಶ್ವ ಸರಣಿಯೇ ಇದೆ. ಮರುವರ್ಷ ಭಾರತಕ್ಕೂ ಬಂತು. 10ರಿಂದ 14 ವರ್ಷದವರು, ಎಲ್ಲರಿಗೂ ಒಂದೇ ಓವಾಲೆ ಕಂಪನಿಯ 160 ಬೈಕು. ಅಪ್ಪನ ದುಡ್ಡು ಅಲ್ಲಿ ಜಾಸ್ತಿ ನಡೆಯುವುದಿಲ್ಲ.

ಸಪ್ತಾಪುರದ ಅಕ್ಕ:
ಅದೇ ಕಾಟೊ 2003ರಲ್ಲಿ ಜಪಾನಿನ ಸುಜುಕಾ ಟ್ರ್ಯಾಕಿನಲ್ಲಿ ಬಿದ್ದು ತೀರಿಕೊಂಡದ್ದನ್ನು ಯಾಕೆ ಬಿಟ್ಟಿರಿ? ಹೋಗಲಿ, 2023ರ ಆಗಸ್ಟ್‌ನಲ್ಲಿ ಚೆನ್ನೈ ಟ್ರ್ಯಾಕಿನಲ್ಲಿ ಬಿದ್ದು ತೀರಿಕೊಂಡ ಬೆಂಗಳೂರಿನ ಹುಡುಗನಿಗೆ 13 ವರ್ಷ. ನನ್ನ ಮಗನ ವಯಸ್ಸು.

ರಾಣೆಬೆನ್ನೂರು ರೇಸರ್:
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಂದೇ ಮಾತು, ಎರಡೂ ದೊಡ್ಡ ಸರ್ಕಿಟ್, ದೊಡ್ಡ ಬೈಕು. ಮಿನಿಯನ್ನು ಗೋ-ಕಾರ್ಟ್ ಟ್ರ್ಯಾಕಿನಲ್ಲಿ ಓಡಿಸುವುದೇ ಸ್ಪೀಡು ಕಮ್ಮಿ ಇರಲಿ ಅಂತ.

ಬೆಟಗೇರಿ ಮೆಕ್ಯಾನಿಕ್:
ರೇಸರ್ ಸಾಹೇಬ್ರೇ, ನೀವು ಹೇಳೋ ಬೈಕು ಬೇರೆ, ಇವರು ತರಿಸೋದು ಬೇರೆ. ಓವಾಲೆ ಅಂದರೆ ಗೇರ್ ಇರುವ ಫೋರ್ ಸ್ಟ್ರೋಕ್. ಆನ್‌ಲೈನಿನ 49 ಸಿಸಿ ಟೂ ಸ್ಟ್ರೋಕ್, ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಗೇರ್ ಇಲ್ಲ, ಎಷ್ಟೋ ಗಾಡಿಗಳಿಗೆ ಸಸ್ಪೆನ್ಶನ್ನೂ ಇಲ್ಲ. ಒಂದು ಗಾಡಿ ನನ್ನ ಅಂಗಡಿಗೆ ಬಂದಿತ್ತು. ಡಬ್ಬಿಯಿಂದ ತೆಗೆದ ಹೊಸ ಗಾಡಿ, ಬ್ರೇಕ್ ಕೇಬಲ್ ಸಡಿಲ, ಹ್ಯಾಂಡಲ್ ಬೋಲ್ಟು ಬೆರಳಲ್ಲೇ ತಿರುಗುತ್ತಿತ್ತು! ಆಕ್ಸಿಲರೇಟರ್ ತಿರುವಿ ಬಿಟ್ಟರೆ ವಾಪಸ್ ಬರುತ್ತಿರಲಿಲ್ಲ. ಹುಡುಗ ಗಾಬರಿಯಾದರೆ ಇನ್ನೂ ಗಟ್ಟಿಯಾಗಿ ಹಿಡೀತಾನೆ, ಅಲ್ವಾ? ಆಮೇಲೆ ಗೋಡೆಯೇ ಗತಿ.

ಹಾವೇರಿ ವಕೀಲ:
ಆಟಿಕೆ ಅಂತ ಡಬ್ಬಿ ಮೇಲೆ ಬರೆದಿದ್ದರೂ ದ್ವಿಚಕ್ರ ಗಾಡಿ 25 ಸಿಸಿ ದಾಟಿದರೆ ಮೋಟಾರು ವಾಹನ ಕಾಯ್ದೆಗೆ ಅದು ಮೋಟಾರು ವಾಹನವೇ. ಮಗ ರಸ್ತೆಯಲ್ಲಿ ಓಡಿಸಿ ಸಿಕ್ಕಿಬಿದ್ದರೆ 199ಎ ಕಲಂ ಪ್ರಕಾರ ಅಪ್ಪನಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಒಪ್ಪಿಗೆ ಇಲ್ಲದೆ ರಸ್ತೆಯಲ್ಲಿ ರೇಸ್ ಮಾಡುವುದಕ್ಕೆ 189ನೇ ಕಲಂ ಬೇರೆ ಇದೆ. ಓಣಿಯ ಉಳಿದವರಿಗೂ ಹೇಳಿಬಿಡಿ.

ನವನಗರದ ಅಪ್ಪ:
ಶಾಲೆ ಮೈದಾನದಲ್ಲಿ ಓಡಿಸಿದರೆ?

ಬೆಟಗೇರಿ ಮೆಕ್ಯಾನಿಕ್:
ಆರೂವರೆ ಇಂಚಿನ ರಿಮ್ಮು, ನುಣುಪಾದ ಟಯರ್. ಮಣ್ಣಿನಲ್ಲಿ ಜಾರುತ್ತದೆ, ತಗ್ಗಿಗೆ ಬಿದ್ದರೆ ಮುಂದಕ್ಕೆ ಎಸೆಯುತ್ತದೆ.

ರಾಣೆಬೆನ್ನೂರು ರೇಸರ್:
ಗಾಡಿ ದುಡ್ಡನ್ನು ಹಾಗೇ ಇಡಿ. ರಜೆಯಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ, ಕಲಿಸುವವರ ಹತ್ತಿರ ಅವರದೇ ಬೈಕು, ಅವರದೇ ಸೂಟಿನಲ್ಲಿ ಓಡಿಸಿ ನೋಡಿ. ಸಲೀಸಾಗಿ ಬೀಳುವುದನ್ನೂ ಕಲಿಸುತ್ತಾರೆ. ಅರ್ಧ ಮಕ್ಕಳ ಹುಚ್ಚು ಅಲ್ಲೇ ಇಳಿಯುತ್ತದೆ.

ನವನಗರದ ಅಪ್ಪ:
ಗಾಡಿ ನಿನ್ನೆಯೇ ಬುಕ್ ಆಗಿದೆ ರೀ...

ಸಪ್ತಾಪುರದ ಅಕ್ಕ:
ಮತ್ತೆ ನಮ್ಮನ್ನು ಯಾಕೆ ಕೇಳಿದಿರಿ! ಕ್ಯಾನ್ಸಲ್ ಮಾಡಿ.

ಬೆಟಗೇರಿ ಮೆಕ್ಯಾನಿಕ್:
ಕ್ಯಾನ್ಸಲ್ ಆಗದಿದ್ದರೆ ಪೆಟ್ರೋಲ್ ಹಾಕದೆ ಅಂಗಡಿಗೆ ತನ್ನಿ. ಬೋಲ್ಟು, ಬ್ರೇಕು ನೋಡಿ, ಚೈನ್ ಗಾರ್ಡ್ ಕೂರಿಸಿ ಕೊಡುತ್ತೇನೆ. ರಸ್ತೆಗೆ ಇಳಿಸುತ್ತೀರಿ ಅಂದರೆ ಮಾತ್ರ ಮುಟ್ಟುವುದಿಲ್ಲ.

ನವನಗರದ ಅಪ್ಪ:
ಆಯ್ತು. ಹೆಲ್ಮೆಟ್ ನನ್ನದೇ ಒಂದು ಹಳೆಯದು ಇದೆ, ನಡೆಯುತ್ತದಾ?

ರಾಣೆಬೆನ್ನೂರು ರೇಸರ್:
ಖಂಡಿತ ಇಲ್ಲ. ಹುಡುಗನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಹಾಕಿದಾಗ ಗಲ್ಲ ಒತ್ತಬೇಕು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಒಂದೇ ತಿರುಗಬಾರದು.