ಮರದ ಡೆಕ್ಕಿಗೆ ಸ್ಟೇನ್ ಮತ್ತು ಸೀಲರ್ ಹಚ್ಚಿ ಮುಗಿಸಲು ಎಷ್ಟು ದಿನ ಹಿಡಿಯುತ್ತದೆ?

ಪ್ರಶ್ನೆ: ಚಿಕ್ಕಬಳ್ಳಾಪುರದಿಂದ

ನಂದಿ ಬೆಟ್ಟದ ತಪ್ಪಲಿನಲ್ಲಿರುವ ನಮ್ಮ ತೋಟದ ಮನೆಯ ಹಿಂಬದಿಗೆ ಪೈನ್ ಹಲಗೆಯ ಡೆಕ್ ಇದೆ. ಉದ್ದ 20 ಅಡಿ, ಅಗಲ 12 ಅಡಿ. ಮೂರು ಕಡೆ ಸೇರಿ ಸುಮಾರು 40 ಅಡಿ ಕಟಕಟೆ ಮತ್ತು ತೋಟಕ್ಕೆ ಇಳಿಯಲು ನಾಲ್ಕು ಮೆಟ್ಟಿಲುಗಳಿವೆ. ಕಟ್ಟಿಸಿದ ಮೇಲೆ ಮೂರು ಮಳೆಗಾಲ ಕಳೆದಿದ್ದು, ಬಿಸಿಲು ಬೀಳುವ ಕಡೆ ಹಲಗೆ ಬೂದಿ ಬಣ್ಣಕ್ಕೆ ತಿರುಗಿದೆ, ಸೂರಿನ ಕೆಳಗೆ ಮಾತ್ರ ಹಳೆಯ ಬಣ್ಣ ಉಳಿದಿದೆ. ಈಗ ಡಿಸೆಂಬರ್ ನಡುವೆ ಇದ್ದೇವೆ, ಜನವರಿ ಕೊನೆಯ ವಾರ ಮನೆಯಲ್ಲಿ ನಾಮಕರಣವಿದೆ. ಒಬ್ಬ ಪೇಂಟರ್ ಎರಡು ದಿನ ಸಾಕು ಎನ್ನುತ್ತಾರೆ, ಇನ್ನೊಬ್ಬರು ಹತ್ತು ದಿನ ಕೇಳುತ್ತಾರೆ. ನಾನು ಮತ್ತು ನನ್ನ ತಮ್ಮ ಸೇರಿ ನಾವೇ ಮಾಡಿಕೊಳ್ಳುವುದಾದರೆ ಎಷ್ಟು ಕಾಲ ಇಟ್ಟುಕೊಳ್ಳಬೇಕು? ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ: ಶಿಡ್ಲಘಟ್ಟದಿಂದ

ಮರದ ಪಾಲಿಶ್ ಕೆಲಸವನ್ನೇ ನಂಬಿಕೊಂಡು ಬದುಕುತ್ತಿರುವವನು ನಾನು. ನಿಮ್ಮ ಇಬ್ಬರು ಪೇಂಟರುಗಳ ಮಾತಿನಲ್ಲೂ ಸತ್ಯವಿದೆ: ಮೊದಲನೆಯವರು ಕೈ ಆಡುವ ಹೊತ್ತನ್ನು ಮಾತ್ರ ಲೆಕ್ಕ ಹಿಡಿದಿದ್ದಾರೆ, ಎರಡನೆಯವರು ಮರ ಒಣಗುವ ಹೊತ್ತನ್ನೂ ಸೇರಿಸಿದ್ದಾರೆ. ಈ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳದೆ ದಿನ ಗೊತ್ತುಮಾಡಿದರೆ ಒಣಗಿಸುವ ದಿನಗಳಿಗೇ ಕತ್ತರಿ ಬೀಳುತ್ತದೆ, ಮತ್ತು ಹಸಿ ಮರದ ಮೇಲೆ ಹಚ್ಚಿದ ಸ್ಟೇನ್ (ಮರದೊಳಗೆ ಇಳಿಯುವ ಬಣ್ಣ) ಎಷ್ಟೇ ಬೆಲೆಯದಾಗಿದ್ದರೂ ಮೊದಲ ಮಳೆಗಾಲದಲ್ಲೇ ಕೈಕೊಡುತ್ತದೆ.

ಮೊದಲು ಅಳತೆಯನ್ನು ಸರಿಮಾಡಿಕೊಳ್ಳಿ. ಎಲ್ಲರೂ 20ಕ್ಕೆ 12 ಗುಣಿಸಿ 240 ಚದರಡಿ ಎಂದು ಬರೆದು ಸುಮ್ಮನಾಗುತ್ತಾರೆ. ಕಟಕಟೆಯಲ್ಲಿ ಒಂದೂವರೆ ಅಂಗುಲ ಚೌಕದ, ಮೂರಡಿ ಎತ್ತರದ ಕಡ್ಡಿಗಳಿದ್ದರೆ, ಒಂದು ಕಡ್ಡಿಯ ನಾಲ್ಕು ಮುಖ ಸೇರಿ ಒಂದೂವರೆ ಚದರಡಿ ಆಗುತ್ತದೆ. ಐದು ಅಂಗುಲಕ್ಕೊಂದರಂತೆ ನಿಲ್ಲಿಸಿದ್ದರೆ 40 ಅಡಿಗೆ 96 ಕಡ್ಡಿ, ಅಂದರೆ 144 ಚದರಡಿ. ಮೇಲಿನ ಕೈಪಟ್ಟಿ, ಕಂಬ, ಮೆಟ್ಟಿಲುಗಳನ್ನೂ ಕೂಡಿಸಿದರೆ ನೀವು ಬಳಿಯಬೇಕಾದದ್ದು 400 ಚದರಡಿ ದಾಟುತ್ತದೆ. ಅದರಲ್ಲೂ ನೆಲದ ಹಲಗೆಗೆ ಉದ್ದ ಹಿಡಿಯ ಕುಂಚ ಓಡುತ್ತದೆ, ಕಡ್ಡಿಗಳನ್ನು ಒಂದೊಂದಾಗಿಯೇ ಸುತ್ತಬೇಕು. ನಾನು ಕೆಲಸ ಒಪ್ಪಿಕೊಳ್ಳುವಾಗ ಕಟಕಟೆಗೆ ನೆಲದ ಎರಡರಷ್ಟು ಹೊತ್ತು ಹಿಡಿಯುತ್ತೇನೆ.

ಇನ್ನು ಕೆಲಸದ ಸರದಿ. ತೊಳೆಯುವುದಕ್ಕೆ ಇಬ್ಬರಿಗೆ ಅರ್ಧ ದಿನ ಬೇಕು. ಗಟ್ಟಿ ಪೊರಕೆ, ಡೆಕ್ ಕ್ಲೀನರ್ ಮತ್ತು ಧಾರಾಳ ನೀರು ಸಾಕು. ಪ್ರೆಶರ್ ವಾಷರ್ ಬಳಸುವುದಾದರೆ ಒತ್ತಡ ಕಡಿಮೆ ಇಟ್ಟು, ಮೂತಿಯನ್ನು ಹಲಗೆಯಿಂದ ಒಂದಡಿಯಷ್ಟು ದೂರ ಹಿಡಿಯಿರಿ. ಪೈನ್ ಮೆದು ಮರವಾದ್ದರಿಂದ ಜೋರು ನೀರಿಗೆ ನಾರು ಎದ್ದು, ಉಪ್ಪು ಕಾಗದದ ಕೆಲಸ ಇಮ್ಮಡಿಯಾಗುತ್ತದೆ. ಬೂದಿ ಬಣ್ಣ ಹೋಗಲು ಆಕ್ಸಾಲಿಕ್ ಆಮ್ಲ ಇರುವ ಬ್ರೈಟನರ್ ಹಚ್ಚಿ, ಡಬ್ಬದ ಮೇಲೆ ಬರೆದಷ್ಟು ನಿಮಿಷ ಬಿಟ್ಟು, ಚೆನ್ನಾಗಿ ತೊಳೆಯಬೇಕು. ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಪಕ್ಕದ ಗಿಡಗಳಿಗೆ ಮೊದಲೇ ನೀರು ಸುರಿದಿಡಿ.

ಆಮೇಲೆ ಒಣಗಿಸುವ ಕೆಲಸ. ಡಬ್ಬಗಳ ಮೇಲೆ ಸಾಮಾನ್ಯವಾಗಿ 24ರಿಂದ 48 ಗಂಟೆ ಎಂದಿರುತ್ತದೆ. ಆದರೆ ಹಲಗೆಯ ಮೇಲ್ಮೈ ಒಣಗಿ ಹೊಳೆದರೂ ಎರಡು ಹಲಗೆಗಳ ನಡುವಿನ ಸಂದಿ, ಮೊಳೆಯ ಸುತ್ತ ಮತ್ತು ಅಡಿಭಾಗ ಇನ್ನೂ ತೇವವಾಗಿರುತ್ತವೆ. ಚಳಿಗಾಲದಲ್ಲಿ ನಾನು ಮೂರು ಪೂರ್ತಿ ದಿನ ಬಿಡದೆ ಮುಟ್ಟುವುದಿಲ್ಲ. ತೇವ ಅಳೆಯುವ ಮೀಟರ್ ಸಿಕ್ಕರೆ ಶೇಕಡಾ 15ಕ್ಕಿಂತ ಕೆಳಗೆ ಬಂದಿದೆಯೇ ಎಂದು ನೋಡಿಕೊಳ್ಳಿ.

ಉಜ್ಜುವುದಕ್ಕೆ ಮೆಷಿನ್ ಇದ್ದರೆ ನೆಲಕ್ಕೆ ಒಂದು ದಿನ, ಕಟಕಟೆಗೆ ಕೈಯಲ್ಲಿ ಇನ್ನೊಂದು ದಿನ. 60ನೇ ನಂಬರಿನ ಉಪ್ಪು ಕಾಗದದಿಂದ ಆರಂಭಿಸಿ 80ಕ್ಕೆ ನಿಲ್ಲಿಸಿ. ಟೇಬಲ್ ಕುರ್ಚಿಗೆ ಉಜ್ಜುವಂತೆ ನುಣುಪು ಮಾಡಿದರೆ ರಂಧ್ರಗಳು ಮುಚ್ಚಿ ಸ್ಟೇನ್ ಒಳಗಿಳಿಯುವುದಿಲ್ಲ. ಹುಳು ಹಿಡಿಯದಂತೆ ರಾಸಾಯನಿಕ ಕುಡಿಸಿದ ಪೈನ್ ಆಗಿದ್ದರೆ ಅದರ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ, ಒಳ್ಳೆಯ ಮಾಸ್ಕ್ ಬೇಕೇ ಬೇಕು. ಎದ್ದ ಮೊಳೆಗಳನ್ನು ಮೊದಲೇ ಕೆಳಗಿಳಿಸಿ, ಇಲ್ಲವಾದರೆ ಮೆಷಿನ್ನಿನ ಕಾಗದ ಹರಿಯುತ್ತಲೇ ಇರುತ್ತದೆ. ಹಳ್ಳಿಯ ಕಡೆ ಕರೆಂಟ್ ಹೋಗುವ ಹೊತ್ತನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಬಳಿಯುವುದೇ ಎಲ್ಲಕ್ಕಿಂತ ಚಿಕ್ಕ ಕೆಲಸ. ಒಂದು ಕೈ, ಅಂದರೆ ಒಂದು ಸುತ್ತು, ಬಳಿಯಲು ನೆಲಕ್ಕೆ ಅರ್ಧ ದಿನ, ಕಟಕಟೆಗೆ ಒಂದು ದಿನ ಹಿಡಿಯುತ್ತದೆ. ಎರಡು ಮೂರು ಹಲಗೆಗಳನ್ನು ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಒಂದೇ ಓಟದಲ್ಲಿ ಬಳಿಯಬೇಕು. ನಡುವೆ ನಿಲ್ಲಿಸಿದರೆ ಒಣಗಿದ ಅಂಚಿನ ಮೇಲೆ ಹೊಸ ಅಂಚು ಕುಳಿತು ಅಡ್ಡಗೆರೆ ಬೀಳುತ್ತದೆ. ಎಣ್ಣೆ ಸ್ಟೇನ್ ಹಚ್ಚಿ ಕಾಲು ಗಂಟೆಯ ಮೇಲೂ ಮರ ಕುಡಿಯದೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ, ಬಿಟ್ಟರೆ ದಿನಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಒಣಗಿದ ಹಳೆಯ ಮರ ಮೊದಲ ಕೈಗೆ ಹೆಚ್ಚು ಕುಡಿಯುವುದರಿಂದ 8ರಿಂದ 10 ಲೀಟರ್ ತಂದಿಟ್ಟುಕೊಳ್ಳಿ. ನಡುವೆ ಡಬ್ಬ ಮುಗಿದು, ಅದೇ ಬಣ್ಣ ಚಿಕ್ಕಬಳ್ಳಾಪುರದಲ್ಲಿ ಸಿಗದೆ ಬೆಂಗಳೂರಿಗೆ ಓಡಬೇಕಾಗಿ ಬಂದರೆ ಅಲ್ಲಿಗೆ ಒಂದು ದಿನ ಹೋಯಿತು.

ನೀರು ಒಳಗಿಳಿಯದಂತೆ ತಡೆಯುವ ಸೀಲರ್ ಬೇರೆ ಬೇಕೇ ಎಂಬುದನ್ನು ಕೊಳ್ಳುವಾಗಲೇ ಕೇಳಿ. ಡೆಕ್ಕಿಗೆಂದೇ ಬರುವ ಅನೇಕ ಸ್ಟೇನುಗಳಲ್ಲಿ ನೀರು ತಡೆಯುವ ಗುಣವೂ ಸೇರಿಯೇ ಇರುತ್ತದೆ. ಅಂಥದ್ದು ಸಿಕ್ಕರೆ ಒಂದು ಸುತ್ತು ಬಳಿಯುವ ದಿನವೂ ಒಣಗಿಸುವ ದಿನವೂ ಉಳಿಯುತ್ತವೆ.

ಉತ್ತರ: ಶ್ರೀನಿವಾಸಪುರದಿಂದ

ಮೇಲಿನವರು ಹೇಳಿದ ಕ್ರಮಕ್ಕೆ ನಾನು ಹವೆಯ ವಿಷಯವನ್ನಷ್ಟೇ ಸೇರಿಸುತ್ತೇನೆ, ಏಕೆಂದರೆ ನಮ್ಮ ಮಾವಿನ ತೋಟದ ಮನೆಯ ಡೆಕ್ ನಮಗೆ ಕಲಿಸಿದ್ದು ಅದನ್ನೇ. ಡಿಸೆಂಬರ್ ಮತ್ತು ಜನವರಿಯಲ್ಲಿ ಮಳೆಯ ಹೆದರಿಕೆ ಕಡಿಮೆ, ಆದರೆ ಅವರೆಕಾಯಿಗೆ ಸೊಗಡು ಕೂಡಿಸುವ ಇಬ್ಬನಿಯೇ ಮರದ ಮೇಲೂ ಕೂರುತ್ತದೆ. ಬೆಳಗ್ಗೆ ಹಲಗೆಯ ಮೇಲೆ ಅಂಗೈ ಇಟ್ಟರೆ ತಣ್ಣಗೆ ಅಂಟುತ್ತದೆ. ಬಿಸಿಲು ಏರಿ ಆ ತಣುಪು ಹೋಗುವಷ್ಟರಲ್ಲಿ ಹತ್ತು ಗಂಟೆಯಾಗಿರುತ್ತದೆ. ಸಂಜೆ ಇಬ್ಬನಿ ಇಳಿಯುವ ಮೊದಲು ಸ್ಟೇನ್ ಕುಳಿತಿರಬೇಕಾದ್ದರಿಂದ ಮಧ್ಯಾಹ್ನ ಎರಡರ ಹೊತ್ತಿಗೆ ಕುಂಚ ಕೆಳಗಿಡಬೇಕು. ಹಾಗಾಗಿ ಈ ತಿಂಗಳುಗಳಲ್ಲಿ ಬಳಿಯುವ ಒಂದು ದಿನವೆಂದರೆ ನಿಜಕ್ಕೂ ನಾಲ್ಕು ಗಂಟೆ. ಪೇಂಟರ್ ಎಂಟು ಗಂಟೆಯ ದಿನವನ್ನು ಎಣಿಸಿ ಹೇಳಿದ್ದರೆ ಅದನ್ನು ಇಮ್ಮಡಿ ಮಾಡಿಕೊಳ್ಳಿ.

ಬೇಸಿಗೆಯಲ್ಲಿ ಇದು ತಿರುಗುಮುರುಗಾಗುತ್ತದೆ. ಏಪ್ರಿಲ್ ಬಿಸಿಲಿಗೆ ಕಾದ ಹಲಗೆಯ ಮೇಲೆ ಸ್ಟೇನ್ ಒಳಗಿಳಿಯುವ ಮೊದಲೇ ಒಣಗುತ್ತದೆ, ಆದ್ದರಿಂದ ಬೆಳಗ್ಗೆ ಮತ್ತು ನೆರಳು ಬಂದ ಮೇಲಷ್ಟೇ ಕೆಲಸ. ಅಶ್ವಿನಿ, ಭರಣಿ ಮಳೆಗಳು ಯಾವ ಸಂಜೆ ಗುಡುಗುತ್ತವೆಯೋ ಹೇಳಲಾಗದು. ಹಸ್ತ, ಚಿತ್ತೆಯ ಕಾಲದಲ್ಲಂತೂ ಡೆಕ್ಕಿನ ತಂಟೆಗೇ ಹೋಗಬಾರದು. ನನ್ನ ಮಟ್ಟಿಗೆ ಫೆಬ್ರವರಿಯೇ ಎಲ್ಲಕ್ಕಿಂತ ಒಳ್ಳೆಯ ತಿಂಗಳು, ಆದರೆ ನಿಮಗೆ ನಾಮಕರಣ ಅಡ್ಡ ಬಂದಿದೆ.

ಇನ್ನೆರಡು ಸಂಗತಿಗಳಿವೆ. ಪಕ್ಕದ ಹೊಲದಲ್ಲಿ ರಾಗಿ ಒಕ್ಕಣೆ ನಡೆಯುವ ದಿನ ಬಳಿಯಬೇಡಿ. ಹೊಟ್ಟು ಗಾಳಿಗೆ ಬಂದು ಹಸಿ ಸ್ಟೇನಿನಲ್ಲಿ ಕೂತರೆ ಒಣಗಿದ ಮೇಲೆ ಉಜ್ಜಿಯೇ ತೆಗೆಯಬೇಕು. ಡೆಕ್ಕಿನ ಮೇಲೆ ಮಾವಿನ ಕೊಂಬೆ ಚಾಚಿದ್ದರೆ ಹೂ ಬಿಡುವ ಮೊದಲೇ ಕೆಲಸ ಮುಗಿಸಿ. ಹೂವಿನ ಕಾಲದಲ್ಲಿ ಜಿಗಿಹುಳು ಬಿದ್ದರೆ ಅಂಟು ದ್ರವ ತೊಟ್ಟಿಕ್ಕಿ, ಅದರ ಮೇಲೆ ಕಪ್ಪು ಬೂಷ್ಟು ಬೆಳೆದು, ತೊಳೆದ ಹಲಗೆಯನ್ನು ಮತ್ತೆ ತೊಳೆಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ಸೂರಿನ ಕೆಳಗೆ ಉಳಿದಿರುವ ಹಳೆಯ ಬಣ್ಣ ಯಾವುದೆಂದು ಕಟ್ಟಿಕೊಟ್ಟ ಬಡಗಿಗೂ ನೆನಪಿಲ್ಲ. ಅದರ ಮೇಲೆಯೇ ಹೊಸದನ್ನು ಹಚ್ಚಿದರೆ ಸಮಯ ಉಳಿಯುವುದೇ? ವಾರ್ನಿಷ್ ಹೊಡೆದರೆ ಬಾಳಿಕೆ ಹೆಚ್ಚು ಎಂದು ಅಂಗಡಿಯಲ್ಲಿ ಹೇಳಿದರು, ಅದು ನಿಜವೇ?

ಉತ್ತರ: ತುಮಕೂರಿನಿಂದ

ಒಂದು ನಾಣ್ಯದ ಅಂಚಿನಿಂದ ಹಳೆಯ ಬಣ್ಣವನ್ನು ಕೆರೆದು ನೋಡಿ. ಈರುಳ್ಳಿ ಸಿಪ್ಪೆಯಂತೆ ಪದರವಾಗಿ ಏಳುತ್ತಿದ್ದರೆ ಅದು ಮೇಲೆ ಕುಳಿತ ವಾರ್ನಿಷ್ ಜಾತಿಯದು. ಅದನ್ನು ಪೂರ್ತಿ ತೆಗೆಯದೆ ಯಾವ ಸ್ಟೇನೂ ಮರಕ್ಕೆ ಇಳಿಯುವುದಿಲ್ಲ. ಹಳೆಯ ಪದರವನ್ನು ಸಡಿಲಿಸುವ ಸ್ಟ್ರಿಪ್ಪರ್ ಹಚ್ಚಿ, ಕೆರೆದು, ತೊಳೆಯುವ ಈ ಕೆಲಸಕ್ಕೆ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಕೆರೆದಾಗ ಪದರ ಏಳದೆ ಬಣ್ಣದ ಮರವೇ ಪುಡಿಯಾಗಿ ಬಂದರೆ ಅದು ಒಳಗಿಳಿದ ಸ್ಟೇನ್, ತೊಳೆದು ಉಜ್ಜಿದರೆ ಸಾಕು.

ಎರಡನೆಯ ಪರೀಕ್ಷೆ ನೀರಿನದು. ಹಲಗೆಯ ಐದಾರು ಜಾಗಗಳಲ್ಲಿ, ಬಿಸಿಲಲ್ಲೂ ಸೂರಿನ ಕೆಳಗೂ, ಒಂದೊಂದು ಚಮಚ ನೀರು ಹಾಕಿ. ಸ್ವಲ್ಪ ಹೊತ್ತಿನಲ್ಲೇ ಮರ ಹೀರಿಕೊಂಡು ಬಣ್ಣ ಕಪ್ಪಾದರೆ ಸ್ಟೇನ್ ಕುಡಿಯಲು ಸಿದ್ಧವಿದೆ ಎಂದರ್ಥ. ಗುಂಡಾಗಿ ಮಣಿಯಂತೆ ನಿಂತರೆ ಹಳೆಯ ಸೀಲರ್ ಇನ್ನೂ ಉಳಿದಿದೆ. ಪರೀಕ್ಷೆ ಮಾಡಿದ ಜಾಗ ಒಣಗುವವರೆಗೆ ಕಾಯಬೇಕೆಂಬುದನ್ನು ಮಾತ್ರ ಮರೆಯಬೇಡಿ.

ವಾರ್ನಿಷ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಬಿಸಿಲು ಮಳೆಗೆ ತೆರೆದ ನೆಲಕ್ಕೆ ಅದು ಬೇಡ. ಮರ ಹಿಗ್ಗಿ ಕುಗ್ಗುತ್ತಿರುವಾಗ ಮೇಲಿನ ಗಟ್ಟಿ ಪೊರೆ ಸೀಳುತ್ತದೆ, ಆ ಸೀಳಿನಿಂದ ಇಳಿದ ನೀರು ಹೊರಬರಲಾಗದೆ ಒಳಗೇ ನಿಂತು ಹಲಗೆಯನ್ನು ಕೊಳೆಸುತ್ತದೆ. ಒಳಗಿಳಿಯುವ ಎಣ್ಣೆ ಸ್ಟೇನ್ ಹಾಗೆ ಸುಲಿಯದು, ಬರೀ ಮಾಸುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ತೊಳೆದು, ಒಣಗಿಸಿ, ಒಂದು ಕೈ ಬಳಿದರೆ ಮುಗಿಯಿತು. ಈ ಬಾರಿಯ ದಿನಗಳನ್ನು ಎಣಿಸುವಾಗ ಮುಂದಿನ ಬಾರಿಯವನ್ನೂ ಎಣಿಸಿ ಎಂದು ಕೇಳಿಕೊಳ್ಳುತ್ತೇನೆ.

ನಮ್ಮ ಜಿಲ್ಲೆಗಳ ಬೋರ್‌ವೆಲ್ ನೀರಿನ ಬಗ್ಗೆಯೂ ಒಂದು ಮಾತು. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಮರದ ಒಗರಿನೊಡನೆ ಸೇರಿ ಕಪ್ಪು ಕಲೆ ಕಟ್ಟುತ್ತದೆ. ತೇಗ, ಹೊನ್ನೆಯಂಥ ಮರಗಳಲ್ಲಿ ಇದು ಎದ್ದು ಕಾಣುತ್ತದೆ, ಪೈನಿನಲ್ಲಿ ಕಡಿಮೆ. ಉಜ್ಜಲು ಕಬ್ಬಿಣದ ತಂತಿ ಬ್ರಷ್ ಬಳಸಿದರೂ ಅದೇ ಕಥೆ. ಕೊನೆಯ ಸುತ್ತು ತೊಳೆಯುವುದಕ್ಕಾದರೂ ಸಂಪಿನ ಮಳೆನೀರು ಇದ್ದರೆ ಬಳಸಿ.

ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಗಳನ್ನು ದಯವಿಟ್ಟು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯಂಥವು ಒಣಗುವಾಗ ತಾವೇ ಬಿಸಿಯಾಗುತ್ತವೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ಬೆಂಕಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿಡಿ, ಇಲ್ಲವೇ ಬಯಲಲ್ಲಿ ಬಿಡಿಬಿಡಿಯಾಗಿ ಹರವಿ ಒಣಗಿಸಿ. ತೋಟದ ಮನೆಯಲ್ಲಿ ಹುಲ್ಲಿನ ಬಣವೆ ಹತ್ತಿರವಿರುತ್ತದೆ ಎಂಬ ಕಾರಣಕ್ಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಉತ್ತರ: ಚಿಂತಾಮಣಿಯಿಂದ

ಪಕ್ಕದಲ್ಲಿ ರೇಷ್ಮೆ ಹುಳುಮನೆ ಇದ್ದರೆ ಮೊದಲು ಅವರನ್ನು ಕೇಳಿ ದಿನ ಗೊತ್ತುಮಾಡಿ. ಚಾಕಿ ಹುಳು (ಎಳೆಯ ರೇಷ್ಮೆ ಹುಳು) ತಂದ ಮೇಲೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗೆ ಮೂರು ವಾರದ ಹತ್ತಿರ ಹಿಡಿಯುತ್ತದೆ, ಮತ್ತು ಆ ದಿನಗಳಲ್ಲಿ ಟರ್ಪೆಂಟೈನ್ ಘಾಟು ಗಾಳಿಗೆ ಅತ್ತ ಹೋಗುವುದನ್ನು ಯಾವ ರೈತನೂ ಒಪ್ಪುವುದಿಲ್ಲ. ನೀರು ಆಧಾರಿತ ಸ್ಟೇನ್ ಆರಿಸಿಕೊಂಡರೆ ಘಾಟು ಕಡಿಮೆ. ಕೆಲವೇ ಗಂಟೆಗಳಲ್ಲಿ ಒಣಗಿ ಎರಡನೇ ಕೈಯನ್ನು ಅದೇ ದಿನ ಬಳಿಯಲೂಬಹುದು.

ಮತ್ತೆ ಶಿಡ್ಲಘಟ್ಟದಿಂದ

ಎಲ್ಲರ ಮಾತನ್ನೂ ಇಟ್ಟುಕೊಂಡು ನಿಮ್ಮ ಡೆಕ್ಕಿಗೆ ಒಂದು ಲೆಕ್ಕ ಕೊಡುತ್ತೇನೆ. ತೊಳೆಯಲು ಒಂದು ದಿನ, ಒಣಗಲು ಮೂರು, ಉಜ್ಜಲು ಎರಡು. ಇಬ್ಬನಿಯ ಕಾಲದ ನಾಲ್ಕು ಗಂಟೆಯ ದಿನಗಳಲ್ಲಿ ಕಟಕಟೆಗೆ ಎರಡು, ನೆಲಕ್ಕೆ ಒಂದು. ಎರಡನೇ ಕೈ ಬೇಕೆನಿಸಿದರೆ ನೆಲಕ್ಕೆ ಇನ್ನೊಂದು. ಮೇಲೆ ಮೇಜು ಕುರ್ಚಿ ಇಡುವ ಮುನ್ನ ಮೂರು ದಿನ ಬಿಡಬೇಕು. ಹೀಗೆ 12ರಿಂದ 13 ದಿನವಾಗುತ್ತದೆ, ಮೋಡ ಕವಿದರೆ ಎಂದು ಎರಡು ದಿನ ಕೈಯಲ್ಲಿಟ್ಟುಕೊಳ್ಳಿ. ಹಳೆಯದು ವಾರ್ನಿಷ್ ಎಂದು ತಿಳಿದರೆ ಮತ್ತೆರಡು ದಿನ. ಹೊಸ ವರ್ಷದ ಮೊದಲ ದಿನಗಳಲ್ಲಿ ಆರಂಭಿಸಿದರೆ ನಾಮಕರಣಕ್ಕೆ ಕೆಲವು ದಿನ ಮೊದಲೇ ಮುಗಿಯುತ್ತದೆ, ಎಣ್ಣೆಯ ವಾಸನೆ ಇಳಿಯಲೂ ಸಮಯ ಸಿಗುತ್ತದೆ. ಮಗುವಿರುವ ಮನೆಯಲ್ಲಿ ಅದೂ ಮುಖ್ಯ.

ನಿಮಗೆ ಶನಿವಾರ, ಭಾನುವಾರ ಮಾತ್ರ ಬಿಡುವೆಂದಾದರೆ ಮೂರು ವಾರಗಳ ಕೊನೆ ಬೇಕಾಗುತ್ತದೆ: ಮೊದಲನೆಯದರಲ್ಲಿ ತೊಳೆದು ವಾರವಿಡೀ ಒಣಗಲು ಬಿಡಿ, ಎರಡನೆಯದರಲ್ಲಿ ಉಜ್ಜಿ, ಮೂರನೆಯದರಲ್ಲಿ ಬಳಿಯಿರಿ. ಆಗ ಉಜ್ಜಿದ ಹಲಗೆ ನಡುವೆ ಬರಿದಾಗಿ ಇರುವುದರಿಂದ ರಾತ್ರಿ ಟಾರ್ಪಾಲ್ ಹೊದಿಸಿ, ಬೆಳಗ್ಗೆ ತೆಗೆದು ಗಾಳಿಯಾಡಿಸಲು ಮನೆಯಲ್ಲಿ ಯಾರಾದರೂ ಇರಬೇಕು, ಮತ್ತು ಬಳಿಯುವ ಮೊದಲು ಧೂಳನ್ನು ಪೂರ್ತಿ ಗುಡಿಸಿ ಒರೆಸಬೇಕು. ಎರಡು ದಿನದಲ್ಲಿ ಕಟಕಟೆ, ನೆಲ ಎರಡೂ ಮುಗಿಯಬೇಕಾದರೆ ಕಡ್ಡಿಗಳಿಗೆ ಇನ್ನೊಬ್ಬರು ಕೈ ಹಾಕಬೇಕಾಗುತ್ತದೆ.

ಬಳಿಯುವಾಗ ಕಟಕಟೆಯನ್ನು ಮೊದಲು ಮುಗಿಸಿ, ತೊಟ್ಟಿಕ್ಕಿದ್ದನ್ನು ಆಗಿಂದಾಗ ಒರೆಸುತ್ತಾ, ಆಮೇಲೆ ನೆಲಕ್ಕೆ ಇಳಿಯಿರಿ. ನೆಲವನ್ನು ಮನೆಯ ಬಾಗಿಲ ಕಡೆಯಿಂದ ಆರಂಭಿಸಿ ಮೆಟ್ಟಿಲ ಕಡೆಗೆ ಹಿಂದೆ ಸರಿಯುತ್ತಾ ಬನ್ನಿ. ನಾಲ್ಕು ಮೆಟ್ಟಿಲುಗಳಲ್ಲಿ ಎರಡನ್ನು ಒಂದು ಬಿಟ್ಟು ಒಂದರಂತೆ ಈ ದಿನ, ಉಳಿದ ಎರಡನ್ನು ಅವು ಒಣಗಿದ ಮೇಲೆ ಬಳಿದರೆ ಇಳಿಯಲು ಕಾಲಿಡಲು ಜಾಗವಿರುತ್ತದೆ.